ಕುಡಿದದ್ದು ಬಾಟಲಿ ನೀರು, ನ್ಯುಮೋನಿಯಾ ಬಂದದ್ದು ಎಲ್ಲಿಂದ?

ಪ್ರಶ್ನೆ: ಅರವತ್ತು ದಾಟಿದ ನಮ್ಮ ಕಾಕಾ ಪ್ರವಾಸ ಮುಗಿಸಿ ಹುಬ್ಬಳ್ಳಿಗೆ ಬಂದ ಐದಾರು ದಿನಕ್ಕೆ ಜ್ವರ, ಕೆಮ್ಮು ಶುರುವಾಗಿ ನ್ಯುಮೋನಿಯಾ ಆಯಿತು. ಲಾಡ್ಜಿನ ನೀರಿನಿಂದ ಬಂದಿರಬಹುದು ಅಂದರು ಡಾಕ್ಟರು. ನಾವು ಕುಡಿದದ್ದೆಲ್ಲ ಬಾಟಲಿ ನೀರು. ಹೀಗಾಗಲು ಸಾಧ್ಯವೇ?

ಉತ್ತರ: ಸಾಧ್ಯ. ಡಾಕ್ಟರಿಗೆ ಬಂದಿರುವ ಅನುಮಾನ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ಮೇಲೆ ಇರಬೇಕು. ಅದು ಸಾಮಾನ್ಯವಾಗಿ ಕುಡಿಯುವ ನೀರಿನ ದಾರಿ ಹಿಡಿಯುವುದಿಲ್ಲ. ಶವರಿನಿಂದ ಏಳುವ ಸಣ್ಣ ತುಂತುರಿನಲ್ಲಿ ಸೇರಿ, ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ 29 ಮಂದಿ ಇದರಿಂದಲೇ ತೀರಿಕೊಂಡರು. ಕಾರಣ ಯಾವ ಸೂಕ್ಷ್ಮಜೀವಿ ಎಂದು ಗೊತ್ತಾಗುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ನಳದ ನೀರಿಗೆ ದಿನಗಟ್ಟಲೆ ಕಾಯುವ ನಮಗೆ ಟಾಕಿಯಲ್ಲಿ ನೀರು ಹಿಡಿದಿಡುವುದು ಹೊಸದೇನಲ್ಲ. ಆದರೆ ನೀರು ನಿಂತು, ಉಗುರುಬೆಚ್ಚಗೇ ಉಳಿದರೆ ಈ ಬ್ಯಾಕ್ಟೀರಿಯಾಕ್ಕೆ ಹಬ್ಬ. ಸುಮಾರು 25ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬೆಳೆಯುತ್ತದೆ. 60 ಡಿಗ್ರಿಯಲ್ಲಿ ಬಹುಬೇಗ ಸಾಯುತ್ತದೆ. ಕರೆಂಟು ಉಳಿಸಲು ಗೀಸರನ್ನು ನಲವತ್ತಕ್ಕೆ ಇಳಿಸುವುದು, ಮೋಡದ ದಿನ ಸೋಲಾರ್ ಟಾಕಿ ಅರೆಬಿಸಿಯಾಗಿರುವುದು, ಸೀಸನ್ ಇಲ್ಲದಾಗ ತಿಂಗಳುಗಟ್ಟಲೆ ಬೀಗ ಹಾಕಿದ ಕೋಣೆಯ ಪೈಪು: ಎಲ್ಲವೂ ಅದಕ್ಕೆ ಅನುಕೂಲ. ಹಂಡೆಯಲ್ಲಿ ಕುದಿಸಿ, ಬಕೆಟ್ಟಿನಲ್ಲಿ ಬೆರೆಸಿ, ತಂಬಿಗೆಯಿಂದ ಹೊಯ್ದುಕೊಳ್ಳುವ ಸ್ನಾನದಲ್ಲಿ ತುಂತುರು ಕಡಿಮೆ. ಹಳೆಯ ಪದ್ಧತಿಯನ್ನು ಸುಮ್ಮನೆ ಹೊಗಳುವವನಲ್ಲ ನಾನು, ಇಲ್ಲಿ ಮಾತ್ರ ಅದೇ ವಾಸಿ. ಅಂದ ಹಾಗೆ ಕೋಣೆಯ ಏಸಿಯನ್ನು ದೂರಬೇಡಿ, ಅದು ನೀರು ಚಿಮುಕಿಸುವುದಿಲ್ಲ. ದೊಡ್ಡ ಕಟ್ಟಡಗಳ ಏಸಿಗಾಗಿ ನೀರು ಚಿಮುಕಿಸಿ ತಣಿಸುವ ಕೂಲಿಂಗ್ ಟವರು ಬೇರೆ ವಿಷಯ.

ಸೋಂಕು ತಗುಲಿ ಎರಡರಿಂದ ಹತ್ತು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ಲಕ್ಷಣ ಕಾಣುತ್ತದೆ. ಅಷ್ಟರಲ್ಲಿ ಪ್ರವಾಸದ ಮಾತೇ ಮರೆತಿರುತ್ತದೆ. ಜ್ವರ, ಕೆಮ್ಮಿನ ಜೊತೆ ಕೆಲವರಿಗೆ ಭೇದಿ, ಮರುಳು ಮಾತು ಕೂಡ. ವಯಸ್ಸಾದವರು, ಬೀಡಿ-ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಜಾಸ್ತಿ ಜೋಪಾನವಾಗಿರಬೇಕು.

ಹಾಗಂತ ಪ್ರವಾಸದ ನಂತರದ ನ್ಯುಮೋನಿಯಾ ಎಲ್ಲವೂ ಇದೇ ಅಲ್ಲ. ಮೂತ್ರ ಅಥವಾ ಕಫದ ಪರೀಕ್ಷೆ ಆಗದೆ ಲಾಡ್ಜಿನವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಡಾಕ್ಟರಿಗೆ ಮಾತ್ರ ಎಲ್ಲಿ ತಂಗಿದ್ದಿರಿ, ಯಾವಾಗ ಬಂದಿರಿ ಎಂದು ಅವರು ಕೇಳದಿದ್ದರೂ ಹೇಳಿ. ಅಮಾಕ್ಸಿಸಿಲಿನ್ ಥರದ ಮಾಮೂಲಿ ಮಾತ್ರೆ ಇದಕ್ಕೆ ನಾಟುವುದಿಲ್ಲ. ಅಜಿತ್ರೊಮೈಸಿನ್, ಲೀವೊಫ್ಲಾಕ್ಸಸಿನ್‌ನಂಥವು ಬೇಕು, ಅದನ್ನು ಅವರೇ ತೀರ್ಮಾನಿಸಲಿ. ಮುಂದಿನ ಸಲ ಕೋಣೆ ಸೇರಿದೊಡನೆ ಶವರ್ ಬಿಟ್ಟು, ಬಾಗಿಲೆಳೆದುಕೊಂಡು ಕೆಲವು ನಿಮಿಷ ಹೊರಗೆ ನಿಲ್ಲಿ.

ಕಾಕಾನ ಹತ್ತಿರ ಹೋಗಲು ಮಕ್ಕಳನ್ನು ತಡೆಯಬೇಕೇ ಎಂದೂ ಕೇಳಿದ್ದೀರಿ. ಲೀಜನೆಲ್ಲಾ ಎಂದು ಖಚಿತವಾದರೆ ತಡೆಯಬೇಕಿಲ್ಲ, ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.