ವಾಲೆಟ್ ಕೆಟ್ಟುಹೋದರೆ ಬಿಟ್‌ಕಾಯಿನ್ ಕೂಡ ಹೋಗುತ್ತಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಸ್ವಲ್ಪ ಬಿಟ್‌ಕಾಯಿನ್ ಕೊಂಡು ಹಾರ್ಡ್‌ವೇರ್ ವಾಲೆಟ್ ಅನ್ನುವ ಪುಟ್ಟ ಸಾಧನಕ್ಕೆ ಹಾಕಿದ್ದೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ವಾಲೆಟ್ ಹಾಳಾದರೆ ದುಡ್ಡು ಹೋದ ಹಾಗೇ ಅಲ್ವಾ?

ಉತ್ತರ: ಇಲ್ಲ. ವಾಲೆಟ್ ಹಾಳಾದರೆ ಇನ್ನೊಂದು ಕೊಳ್ಳಬಹುದು. ಬೂಸ್ಟು ಹಿಡಿಯಬಾರದ್ದು ವಾಲೆಟ್ ಶುರುಮಾಡಿದ ದಿನ ನೀವು ಪದಗಳನ್ನು ಬರೆದುಕೊಂಡಿರಲ್ಲ, ಆ ಕಾಗದಕ್ಕೆ.

ನಿಮ್ಮ ಬಿಟ್‌ಕಾಯಿನ್ ಆ ಪುಟ್ಟ ಸಾಧನದೊಳಗೆ ಇಲ್ಲವೇ ಇಲ್ಲ. ಯಾರದು ಎಷ್ಟು ಅನ್ನುವ ಲೆಕ್ಕ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಪ್ರಪಂಚದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ಸಾಧನದಲ್ಲಿರುವುದು ಹಣ ಕಳಿಸಲು ಬೇಕಾದ ಗುಟ್ಟಿನ ಕೀ. ಹಣ ಕಳಿಸುವಾಗ ಆ ಕೀಯಿಂದ ಹಾಕುವ ಡಿಜಿಟಲ್ ಸಹಿ ಸಾಧನದೊಳಗೇ ಆಗುತ್ತದೆ, ಸಹಿ ಮಾತ್ರ ಹೊರಬರುತ್ತದೆ. ಕಂಪ್ಯೂಟರ್‌ಗೆ ವೈರಸ್ ಹೊಕ್ಕರೂ ಕೀ ಅದಕ್ಕೆ ಸಿಗುವುದಿಲ್ಲ. ಆದರೆ ಹಣ ಹೋಗಬೇಕಾದ ಬಿಟ್‌ಕಾಯಿನ್ ವಿಳಾಸವನ್ನೇ ವೈರಸ್ ಬದಲಿಸಬಹುದು. ಅದಕ್ಕೇ ವಿಳಾಸವನ್ನು ಸಾಧನದ ಪರದೆಯಲ್ಲೇ ಓದಿ ಒಪ್ಪಿಗೆ ಕೊಡಿ.

ಆ ಕೀ ಮತ್ತೆ ಹುಟ್ಟುವುದು ನಿಮ್ಮ 12 ಅಥವಾ 24 ಇಂಗ್ಲಿಷ್ ಪದಗಳಿಂದ. 2013ರಲ್ಲಿ ಬಂದ ಬಿಐಪಿ-39 ಅನ್ನುವ ಕ್ರಮದಲ್ಲಿ 2048 ಪದಗಳ ಪಟ್ಟಿಯಿದೆ. ಹೆಚ್ಚಿನ ವಾಲೆಟ್‌ಗಳು ಅದನ್ನೇ ಬಳಸುವುದರಿಂದ ಬೇರೆ ಕಂಪನಿಯ ಸಾಧನದಲ್ಲೂ ಆ ಪದಗಳನ್ನು ಅದೇ ಸಾಲಿನಲ್ಲಿ ಕೊಟ್ಟರೆ ಹಣ ಸಿಗುತ್ತದೆ. ಕಳ್ಳನಿಗೂ ಅಷ್ಟೇ ಸಲೀಸು. ಪದಗಳು ಸಿಕ್ಕರೆ ಅವನಿಗೆ ನಿಮ್ಮ ಪಿನ್ ಬೇಡ, ಸಾಧನವೂ ಬೇಡ.

ಹಾಗಾಗಿ ಪದಗಳನ್ನು ಸ್ಟೀಲ್ ಪ್ಲೇಟಿನ ಮೇಲೆ ಕೊರೆದಿಡಿ. ಮಲೆನಾಡಿನ ಥಂಡಿಗೆ ಕಾಗದವನ್ನು ನಾನಂತೂ ನಂಬುವುದಿಲ್ಲ. ಎರಡು ಪ್ರತಿ ಇರಲಿ: ಒಂದು ಮನೆಯಲ್ಲಿ, ಇನ್ನೊಂದು ಹಾಸನದ ಬ್ಯಾಂಕ್ ಲಾಕರಿನಲ್ಲೋ, ಅರಸೀಕೆರೆ ಕಡೆಯ ನಂಬಿಕಸ್ಥ ನೆಂಟರ ಮನೆಯಲ್ಲೋ. ಅರ್ಧ ಅಲ್ಲಿ, ಅರ್ಧ ಇಲ್ಲಿ ಅಂತ ಹಂಚಬೇಡಿ. ಒಂದು ತುಂಡು ಕಳೆದರೂ ಎಲ್ಲ ಕಳೆದಂತೆ. ಫೋಟೋ ತೆಗೆಯಲೇಬೇಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕೂಡ ಕಳಿಸಿಕೊಳ್ಳಬೇಡಿ. ಬರೆದದ್ದು ಸರಿಯಿದೆಯಾ ಅಂತ ಈಗಲೇ ನೋಡಿ. ಏನನ್ನೂ ಅಳಿಸದೆ ಪದಗಳನ್ನು ತಾಳೆ ನೋಡುವ ಸೌಲಭ್ಯ ಹಲವು ವಾಲೆಟ್‌ಗಳಲ್ಲಿದೆ.

ಇಷ್ಟೆಲ್ಲ ಯಾಕೆ, ಬಿಟ್‌ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್‌ನಲ್ಲೇ ಬಿಡಬಾರದಾ ಅನ್ನಿಸಬಹುದು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಅಲ್ಲಿ ಕೀ ಗ್ರಾಹಕರ ಕೈಯಲ್ಲಿರಲಿಲ್ಲ.

ಇನ್ನು ವಂಚನೆ. 2020ರಲ್ಲಿ ಹಾರ್ಡ್‌ವೇರ್ ವಾಲೆಟ್ ಮಾಡುವ ಲೆಜರ್ ಕಂಪನಿಯ ಗ್ರಾಹಕರ ಮನೆ ವಿಳಾಸಗಳು ಸೋರಿದವು. ಆಮೇಲೆ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು. ಪದಗಳನ್ನು ಮೊದಲೇ ಬರೆದು ಕೊಟ್ಟ ವಾಲೆಟ್ ಬಂದರೆ ಅದು ಮೋಸ. ಫೋನಿನಲ್ಲಿ ಪದ ಕೇಳಿದವರು ಎಷ್ಟೇ ನಯವಾಗಿ ಮಾತಾಡಲಿ, ಫೋನ್ ಇಟ್ಟುಬಿಡಿ.

ಪ್ಲೇಟ್ ಎಲ್ಲಿದೆ, ಅದು ಯಾತಕ್ಕೆ ಅಂತ ಮನೆಯಲ್ಲಿ ನಂಬಿಕೆಯ ಒಬ್ಬರಿಗಾದರೂ ಹೇಳಿಡಿ. ಬ್ಯಾಂಕ್ ಖಾತೆಗಿರುವ ನಾಮಿನಿ ಇದಕ್ಕಿಲ್ಲ.