ಹೋದ ನಿದ್ದೆ ಎಲ್ಲಿಗೆ ಹೋಗುತ್ತದೆ?

ಜನವರಿಯಲ್ಲಿ ಕೊಡಗಿನ ಅಮ್ಮತ್ತಿಯ ಮನೆಗೆ ಬಂದಾಗ ನಮ್ಮ ಕಾಫಿ ಕಣ ಕಾಯುವ ಹಿರಿಯರು ಒಂದು ಪ್ರಶ್ನೆ ಕೇಳಿದರು. ರಾತ್ರಿಯಿಡೀ ಆನೆ ಬಂತೋ ಕಳ್ಳ ಬಂದನೋ ಎಂದು ಕೂರುವವರು ಅವರು. ಹಗಲು ಕೊಯ್ಲಿನ ಚೀಲದ ಲೆಕ್ಕಕ್ಕೂ ಅವರೇ. "ಎರಡು ಲೋಟ ಕಾಫಿ ಕುಡಿದ್ರೆ ನಿದ್ದೆ ಹೋಗುತ್ತೆ. ಹೋದ ನಿದ್ದೆ ಎಲ್ಲಿಗೆ ಹೋಗುತ್ತೆ?"

ಮೆದುಳು ಮತ್ತು ನಿದ್ದೆಯ ಮೇಲೆ ಕೆಲಸ ಮಾಡುವ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಉತ್ತರದ ಒಂದು ಭಾಗ ಅವರ ಕಾಲ ಬಳಿಯೇ, ಒಣಗುತ್ತಿದ್ದ ರೊಬಸ್ಟಾ ಹಣ್ಣಿನ ಹುಳಿವಾಸನೆಗೆ ಮುತ್ತಿಕೊಂಡು ಹಾರಾಡುತ್ತಿತ್ತು.

ಅದು ಹಣ್ಣುನೊಣ. ಕಿತ್ತಳೆಯನ್ನು ಚುಚ್ಚಿ ಹಾಳುಮಾಡುವ ಹಣ್ಣುನೊಣ ಬೇರೆ. ನಾನು ಹೇಳುವ ಡ್ರೊಸೊಫಿಲಾ ಎರಡು ಮೂರು ಮಿಲಿಮೀಟರಿನ, ಕೆಂಪು ಕಣ್ಣಿನ ನೊಣ. ಕಳಿತ ಬಾಳೆಹಣ್ಣಿಗೆ ಮುತ್ತುತ್ತದಲ್ಲ, ಅದೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇವನ್ನು ಸಾಕುವುದು ರವೆ, ಬೆಲ್ಲ, ಗಟ್ಟಿಯಾಗಿಸುವ ಅಗರ್ ಪುಡಿ ಕುದಿಸಿದ ಗಂಜಿಯಲ್ಲಿ. ಪ್ರಯೋಗಾಲಯದ ಬಾಗಿಲು ತೆರೆದರೆ ಅಡುಗೆಮನೆಯ ಘಮ.

ನೊಣ ನಿದ್ದೆ ಮಾಡುತ್ತದೆ ಎಂದು ವಿಜ್ಞಾನ ಒಪ್ಪಿಕೊಂಡದ್ದು 2000ದಲ್ಲಿ. ಆ ವರ್ಷ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ತೋರಿಸಿದವು. ಒಂದರಲ್ಲಿ ಜೋನ್ ಹೆಂಡ್ರಿಕ್ಸ್, ಅಮಿತಾ ಸೆಹಗಲ್; ಇನ್ನೊಂದರಲ್ಲಿ ಪಾಲ್ ಶಾ, ಕಿಯಾರಾ ಚಿರೆಲ್ಲಿ, ಜುಲಿಯೊ ಟೊನೋನಿ. ವಿಧಾನ ಸರಳ. ಬೆರಳುದ್ದದ ಗಾಜಿನ ಕೊಳವೆ, ಒಂದು ತುದಿಗೆ ಆಹಾರ, ಇನ್ನೊಂದಕ್ಕೆ ಹತ್ತಿ, ನಡುವೆ ಕಣ್ಣಿಗೆ ಕಾಣದ ಅವಕೆಂಪು ಕಿರಣ. ನೊಣ ಅತ್ತಿತ್ತ ಓಡಾಡಿದಾಗಲೆಲ್ಲ ಕಿರಣ ಕಡಿಯುತ್ತದೆ, ಕಂಪ್ಯೂಟರ್ ಎಣಿಸುತ್ತದೆ. ಐದು ನಿಮಿಷ ಅಲ್ಲಾಡದೆ ಇದ್ದರೆ ನಿದ್ದೆ ಎಂದು ಲೆಕ್ಕ. ಆಗ ಕೊಳವೆಯನ್ನು ಮೆಲ್ಲಗೆ ತಟ್ಟಿದರೆ ಅದು ಕದಲುವುದಿಲ್ಲ, ಜೋರಾಗಿಯೇ ತಟ್ಟಬೇಕು. ರಾತ್ರಿಯಿಡೀ ಕೊಳವೆ ಅಲುಗಾಡಿಸಿ ಎಬ್ಬಿಸಿಟ್ಟರೆ, ಓಡಾಡಬೇಕಾದ ಮರುದಿನ ಬೆಳಿಗ್ಗೆಯೇ ಮುದುಡಿ ಮಲಗುತ್ತದೆ. ಮೊದಲ ಸಲ ಇದನ್ನು ಕಣ್ಣಾರೆ ಕಂಡ ದಿನ ನಾನು ಬಹಳ ಹೊತ್ತು ಆ ಕೊಳವೆಯ ಮುಂದೆಯೇ ಕೂತಿದ್ದೆ. ಇಷ್ಟು ಸಣ್ಣ ಜೀವವೂ ತಪ್ಪಿದ ನಿದ್ದೆಯ ಲೆಕ್ಕ ಇಡುತ್ತದೆ!

ಆ ಲೆಕ್ಕ ಎಲ್ಲಿ ಬರೆದಿದೆ? ನೊಣದ ಮೆದುಳಿನಲ್ಲಿರುವುದು ಸುಮಾರು 1,39,000 ನರಕೋಶ. ಅವುಗಳ ಜೋಡಣೆಯ ಪೂರ್ಣ ನಕ್ಷೆ 2024ರಲ್ಲಿ ಪ್ರಕಟವಾಯಿತು. ಮೆದುಳಿನ ನಡುಭಾಗದಲ್ಲಿ ಬೀಸಣಿಗೆಯಾಕಾರದ ಒಂದು ರಚನೆಯಿದೆ. ಅಲ್ಲಿಗೆ ಚಾಚಿದ ಎರಡು ಡಜನ್‌ನಷ್ಟು ಕೋಶಗಳನ್ನು ಪ್ರಚೋದಿಸಿದರೆ ನೊಣ ನಿದ್ದೆಗೆ ಜಾರುತ್ತದೆ. ಆಕ್ಸ್‌ಫರ್ಡ್‌ನ ಗೆರೋ ಮೀಸೆನ್‌ಬಾಕ್ ಅವರ ತಂಡ ಈ ಕೋಶಗಳ ಒಳಗೇ ಇಣುಕಿತು. ನೊಣ ಎಚ್ಚರವಿರುವಾಗ ಈ ಕೋಶಗಳಿಗೆ ಕೆಲಸ ಕಡಿಮೆ, ಆದರೆ ಇಂಧನ ಬರುತ್ತಲೇ ಇರುತ್ತದೆ. ಗದ್ದೆಗೆ ಬೇಡವಾದಾಗಲೂ ತೋಡಿನ ನೀರು ನುಗ್ಗಿ ಏರಿ ಮೀರಿ ಸೋರುವ ಹಾಗೆ, ಅವುಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಿಂದ ಇಲೆಕ್ಟ್ರಾನುಗಳು ಸೋರುತ್ತವೆ. ಆ ಸೋರಿಕೆಯಿಂದ ಹುಟ್ಟುವ ಉಗ್ರ ಆಮ್ಲಜನಕ ಕಣಗಳೇ ಕೋಶಕ್ಕೆ 'ಇನ್ನು ಮಲಗಿಸು' ಎಂಬ ಸೂಚನೆ. ನಿದ್ದೆಗೆಟ್ಟ ನೊಣದಲ್ಲಿ ಆ ಮೈಟೊಕಾಂಡ್ರಿಯಾ ತುಂಡುತುಂಡಾಗಿರುತ್ತವೆ, ನಿದ್ದೆಯಾದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಈ ಕೋಶಗಳ ಪಾತ್ರ ಎಷ್ಟು ದೊಡ್ಡದು ಎಂಬ ಬಗ್ಗೆ ನಮ್ಮವರಲ್ಲಿ ಇನ್ನೂ ವಾದವಿದೆ. ಆದರೂ ನಿದ್ದೆಯ ಒತ್ತಡವನ್ನು ಒಂದು ಕೋಶದ ಒಳಗೆ ಬೆರಳಿಟ್ಟು ತೋರಿಸುವಷ್ಟು ಹತ್ತಿರ ಬಂದದ್ದು ನನಗೆ ದೊಡ್ಡ ಸಂಗತಿ.

ಇನ್ನು ಕಾಫಿ. ಎಚ್ಚರವಿದ್ದಷ್ಟೂ ನಮ್ಮ ಮೆದುಳಿನಲ್ಲಿ 'ದಣಿವಾಗಿದೆ' ಎಂಬ ಸುದ್ದಿ ಮುಟ್ಟಿಸುವ ಅಡಿನೋಸಿನ್ ಎಂಬ ರಾಸಾಯನಿಕ ಶೇಖರವಾಗುತ್ತದೆ. ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ, ಅಂದರೆ ಅದರ ಗ್ರಾಹಕದಲ್ಲಿ, ತಾನು ಕೂತುಬಿಡುತ್ತದೆ. ಸುದ್ದಿ ತಲುಪುವುದಿಲ್ಲ, ಆದರೆ ಅಡಿನೋಸಿನ್ ಅಲ್ಲೇ ಇರುತ್ತದೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ನೊಣಕ್ಕೂ ಕೆಫೀನ್ ಕೊಟ್ಟರೆ ನಿದ್ದೆ ಹಾರುತ್ತದೆ. ವಿಚಿತ್ರವೆಂದರೆ, ಅಡಿನೋಸಿನ್ ಗ್ರಾಹಕವೇ ಇಲ್ಲದ ನೊಣದಲ್ಲೂ ಹಾರುತ್ತದೆ. ಅಲ್ಲಿ ಡೋಪಮೈನ್ ಎಂಬ ಇನ್ನೊಂದು ಮೆದುಳಿನ ರಾಸಾಯನಿಕದ ದಾರಿ ಕೆಲಸ ಮಾಡುತ್ತದೆ. ಹಾಗಾಗಿ ನೊಣದಲ್ಲಿ ಕಂಡದ್ದನ್ನೆಲ್ಲ ಮನುಷ್ಯನಿಗೆ ಹಾಗೇ ಅಂಟಿಸಬಾರದು ಎಂದು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಆದರೆ ಒಂದು ಪ್ರಯೋಗವನ್ನು ಮರೆಯಲಾರೆ. 2020ರಲ್ಲಿ ಹಾರ್ವರ್ಡ್‌ನ ದ್ರಗಾನಾ ರೊಗುಲ್ಯಾ ಅವರ ತಂಡ ನೊಣಗಳನ್ನು ದಿನಗಟ್ಟಲೆ ನಿದ್ದೆಗೆಡಿಸಿ, ಅವು ಸಾಯುವುದೇಕೆ ಎಂದು ಹುಡುಕಿತು. ಆ ಉಗ್ರ ಕಣಗಳು ರಾಶಿಬಿದ್ದದ್ದು ಮೆದುಳಿನಲ್ಲಲ್ಲ, ಕರುಳಿನಲ್ಲಿ. ನಿದ್ದೆಗೆಡಿಸಿದ ಇಲಿಗಳ ಕರುಳಿನಲ್ಲೂ ಅವು ಹೆಚ್ಚಿದ್ದವು.

ಇದನ್ನೆಲ್ಲ ಕಣದ ಅಂಚಿನಲ್ಲಿ ಕೂತು ಹಿರಿಯರಿಗೆ ಹೇಳಿದೆ. "ಹಾಗಾದ್ರೆ ಎಲ್ಲಿಗೂ ಹೋಗಲ್ಲ, ಒಳಗೇ ಇರುತ್ತೆ" ಎಂದರು. ಅದೇ ಸಂಜೆ ಅಣ್ಣನ ಹತ್ತಿರ ಕೂತು ಮಾತಾಡಿ, ಕಾವಲಿಗೆ ಇನ್ನೊಬ್ಬರನ್ನು ಗೊತ್ತುಮಾಡಿದೆವು. ಒಂದು ವಾರ ಇವರು, ಒಂದು ವಾರ ಅವರು. ಕಾವಲಿನ ವಾರ ಹಗಲು ಕೆಲಸವಿಲ್ಲ. ಮರುದಿನ ಒಂಬತ್ತು ಗಂಟೆಗೆ ಹಿರಿಯರು ಶೆಡ್ಡಿನೊಳಗೆ ಗೋಣಿಚೀಲದ ಮೇಲೆ ಗಾಢವಾಗಿ ನಿದ್ದೆಹೋಗಿದ್ದರು. ಅವತ್ತಿನ ಚೀಲದ ಲೆಕ್ಕ ನಾನೇ ಬರೆದುಕೊಂಡೆ.