ಮೊಸರು ಬಿಟ್ಟೇನ್ರೀ ಸಾಹೇಬ್ರ

ಹೋದ ವರ್ಷ ಯುಗಾದಿ ಮುಂದೆ ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಬಂದಿದ್ದರು. ಐವತ್ತು ದಾಟಿದ ಮನುಷ್ಯ. ಬಿಪಿ ಬಂದು ಹತ್ತು ವರ್ಷ, ಕಿಡ್ನಿಯಲ್ಲಿ ಕಲ್ಲು ಮೂರನೇ ಸಲ. ಕೂತವರೇ ಜೇಬಿನಿಂದ ಚೀಟಿ ತೆಗೆದು ಓದಿದರು. "ಹಾಲು ಬಿಟ್ಟೇನ್ರೀ, ಮೊಸರು ಬಿಟ್ಟೇನ್ರೀ, ಟೊಮೆಟೊ ಬಿಟ್ಟೇನ್ರೀ, ಬದನೀಕಾಯಿ ಬಿಟ್ಟೇನ್ರೀ. ಇನ್ನೇನ್ ಬಿಡಬೇಕ್ರೀ ಸಾಹೇಬ್ರ?"

ಬದನೆಕಾಯಿ ಬಿಡುವುದು ಸಣ್ಣ ಮಾತಲ್ಲ. ಎಣ್ಣೆಗಾಯಿ ಇಲ್ಲದ ಊಟವನ್ನು ಊಟ ಅಂತ ಒಪ್ಪದ ಸೀಮೆ ನಮ್ಮದು. ಪಾಪ ಅನ್ನಿಸಿತು.

"ಉಪ್ಪು?" ಅಂದೆ.

"ಮ್ಯಾಲಿಂದ ಹಾಕ್ಕೊಳ್ಳಂಗೇ ಇಲ್ರೀ."

ಹುಬ್ಬಳ್ಳಿಯ ನನ್ನ ಒಪಿಡಿಯಲ್ಲಿ ಈ ಮಾತು ಕೇಳದ ದಿನ ಇಲ್ಲ. ಕಲ್ಲು ಕಂಡ ಮರುದಿನವೇ ಮೊಸರಿನ ಗಡಿಗೆ ಅಡಿಗೆಮನೆಯಿಂದ ಹೊರಗೆ. ಉಪ್ಪಿನಕಾಯಿ ಭರಣಿ ಮಾತ್ರ ಇದ್ದ ಜಾಗದಲ್ಲೇ ಇರುತ್ತದೆ. ಬಿಪಿ ಇದ್ದು ಕಲ್ಲೂ ಇರುವವರು ಮಾಡುವ ಅತಿ ದೊಡ್ಡ ತಪ್ಪು ಇದು. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಲೆಕ್ಕ ಹೀಗೆ. ಕಲ್ಲಿನ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬರೆದಿದೆ. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ. ಹಾಲು ಬಿಟ್ಟರೆ ಕಲ್ಲು ಬರುವುದಿಲ್ಲ. ಕೇಳಲು ಸರಿಯಾಗೇ ಇದೆ, ಅಲ್ವಾ? ಒಂದು ಕಾಲಕ್ಕೆ ನಾವು ಡಾಕ್ಟರರೂ ಇದನ್ನೇ ಹೇಳುತ್ತಿದ್ದೆವು. 1993ರಲ್ಲಿ ಅಮೆರಿಕದ ಸುಮಾರು 45,000 ಗಂಡಸರ ಮೇಲೆ ನಡೆದ ಅಧ್ಯಯನ ಈ ಲೆಕ್ಕ ಕೆಡಿಸಿತು. ಊಟದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದವರಿಗೆ ಕಲ್ಲು ಕಡಿಮೆ ಆಗಿತ್ತು. 2002ರಲ್ಲಿ ಇಟಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮತ್ತೆ ಮತ್ತೆ ಕಲ್ಲಾಗುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತಿದ್ದ 120 ಗಂಡಸರನ್ನು ಎರಡು ಪಾಲು ಮಾಡಿದರು. 60 ಜನರಿಗೆ ಕ್ಯಾಲ್ಸಿಯಂ ಕಡಿಮೆ ಇರುವ ಊಟ. ಉಳಿದ 60 ಜನರಿಗೆ ಹಾಲು ಮೊಸರು ಎಂದಿನಂತೆ, ಉಪ್ಪು ಮತ್ತು ಮಾಂಸ ಕಡಿಮೆ. 5 ವರ್ಷದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದವರ ಪೈಕಿ 23 ಜನರಿಗೆ ಕಲ್ಲು ಮರಳಿತು. ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ 12 ಜನರಿಗೆ. ಹೆಚ್ಚು ಕಡಿಮೆ ಅರ್ಧ.

ಯಾಕೆ ಹೀಗೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅವಸರದಲ್ಲಿ ಹೇಳಿದಾಗಲೆಲ್ಲ ಜನ ತಲೆ ಅಲ್ಲಾಡಿಸಿ, ಮನೆಗೆ ಹೋಗಿ ಮತ್ತೆ ಮೊಸರನ್ನೇ ಬಿಡುತ್ತಾರೆ.

ಮೊದಲು ಹೊಟ್ಟೆ. ಆಕ್ಸಲೇಟ್ ಬರುವುದು ಪಾಲಕ್, ರಾಜಗಿರಿ ಸೊಪ್ಪು, ಶೇಂಗಾ, ಚಹಾ ಇಂಥವುಗಳಿಂದ. ಅದೇ ಊಟದಲ್ಲಿ ಮೊಸರಿದ್ದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಎರಡೂ ಕೂಡಿ ಮಲದಲ್ಲಿ ಹೋಗುತ್ತವೆ. ಮೊಸರಿಲ್ಲದಿದ್ದರೆ ಆಕ್ಸಲೇಟನ್ನು ತಡೆಯುವವರಿಲ್ಲ. ರಕ್ತಕ್ಕೆ ಇಳಿದು ಕಿಡ್ನಿಗೆ ಬರುತ್ತದೆ, ಅಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಕಲ್ಲಾಗುತ್ತದೆ. ಶೇಂಗಾ ಹಿಂಡಿಗೆ ಮೊಸರು ಕಲಸಿ ರೊಟ್ಟಿ ತಿನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ನಮ್ಮ ವ್ಯಾಪಾರಿ ಏನು ಮಾಡಿದ್ದರು ಗೊತ್ತಾ? ಮೊಸರು ತೆಗೆದು ಅದೇ ಹಿಂಡಿಗೆ ಎಣ್ಣೆ ಹಾಕಿಕೊಂಡಿದ್ದರು. ಶೇಂಗಾ ಉಳಿಯಿತು, ಅದನ್ನು ಹಿಡಿಯುವ ಮೊಸರು ಹೋಯಿತು. ಮೊಸರು ಊಟದ ಜೊತೆಗೇ ಇರಬೇಕು ಅನ್ನುವುದನ್ನೂ ಗಮನಿಸಿ. ಸಂಜೆ 4 ಗಂಟೆಗೆ ಒಂದು ಬಟ್ಟಲು ಕುಡಿದರೆ ಮಧ್ಯಾಹ್ನದ ಶೇಂಗಾಕ್ಕೆ ಅದು ಸಿಗುವುದಿಲ್ಲ.

ಇನ್ನು ಕಿಡ್ನಿ. ಉಪ್ಪಿನ ಸೋಡಿಯಂ ಮತ್ತು ಕ್ಯಾಲ್ಸಿಯಂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಕಿಡ್ನಿ ರಕ್ತವನ್ನು ಸೋಸಿದ ಮೇಲೆ ಬೇಕಾದ ಸೋಡಿಯಂ ವಾಪಸ್ ಎಳೆದುಕೊಳ್ಳುತ್ತದೆ. ಅದರ ಹಿಂದೆ ಕ್ಯಾಲ್ಸಿಯಂ ಕೂಡ ವಾಪಸ್ ಬರುತ್ತದೆ. ನೀವು ಉಪ್ಪು ಜಾಸ್ತಿ ತಿಂದಾಗ ಕಿಡ್ನಿ ಆ ಸೋಡಿಯಂ ಹೊರಗೆ ಹಾಕಲೇಬೇಕು. ಒಂದು ಎತ್ತು ಹೊರಗೆ ತಿರುಗಿದರೆ ಇನ್ನೊಂದು ಒಳಗೆ ನಿಲ್ಲುತ್ತದೆಯೇ? ದಿನಕ್ಕೆ 6 ಗ್ರಾಂ ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಸುಮಾರು 25ರಿಂದ 40 ಮಿಲಿಗ್ರಾಂ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಹಾಲು ಬಿಟ್ಟಿದ್ದೀರಲ್ಲ, ಆ ಕ್ಯಾಲ್ಸಿಯಂ ಎಲ್ಲಿಂದ ಬಂತು? ಒಂದಿಷ್ಟು ನಿಮ್ಮ ಎಲುಬಿನಿಂದಲೇ. ಇತ್ತ ಬಿಪಿ ಏರುವುದೂ ಅದೇ ಉಪ್ಪಿನಿಂದ. ಬಿಪಿ ಇರುವವರಲ್ಲಿ ಕಲ್ಲು ಜಾಸ್ತಿ ಕಾಣುವುದಕ್ಕೆ ತೂಕ, ಸಕ್ಕರೆ ಕಾಯಿಲೆ ಹೀಗೆ ಬೇರೆ ಕಾರಣಗಳೂ ಇವೆ. ಆದರೆ ಉಪ್ಪಿನಷ್ಟು ಸುಲಭವಾಗಿ ಕೈಗೆ ಸಿಗುವ ಕಾರಣ ಇನ್ನೊಂದಿಲ್ಲ.

ವ್ಯಾಪಾರಿ ನಂಬಲಿಲ್ಲ. "ನಾ ಉಪ್ಪು ತಿನ್ನೋದ ಕಡಿಮಿ" ಅಂತ ಪಟ್ಟು. ಸರಿ, 24 ಗಂಟೆಯ ಮೂತ್ರ ಹಿಡಿದು ತನ್ನಿ ಅಂತ ಕ್ಯಾನ್ ಕೊಟ್ಟು ಕಳಿಸಿದೆ. ಚೀಲದಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದರು. ಕಂಡಕ್ಟರ್ "ಏನ್ರೀ ಅದು, ಕುಸುಬಿ ಎಣ್ಣೀನ?" ಅಂತ ಕೇಳಿದನಂತೆ. ಇವರು "ಹೌದ್ರೀ" ಅಂದರಂತೆ.

ಸೋಡಿಯಂ 240 ಮಿಲಿಮೋಲ್ ಬಂತು. 17 ಮಿಲಿಮೋಲಿಗೆ ಒಂದು ಗ್ರಾಂ ಉಪ್ಪು. ಅಂದರೆ 14 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿನ ಒಳಗೆ, ಒಂದು ಟೀ ಚಮಚದಷ್ಟು. ಜೊತೆಗೆ ಬಂದಿದ್ದ ಅವರ ಮನೆಯವರು ಮೊದಲು ನಕ್ಕರು, ಆಮೇಲೆ ಒಂದೊಂದಾಗಿ ಬಿಚ್ಚಿದರು. ಬೆಳಿಗ್ಗೆ ಮಂಡಿಗೆ ಹೋಗುವ ಮುಂಚೆ ರೊಟ್ಟಿ ಜೊತೆ ರಂಜಕ, ಅಂದರೆ ಕೆಂಪು ಮೆಣಸಿನಕಾಯಿಯ ಉಪ್ಪು ಖಾರದ ಚಟ್ನಿ. ಹನ್ನೊಂದಕ್ಕೆ ಮಿರ್ಚಿ ಭಜಿ, ಗಿರಮಿಟ್ಟು. ಮಧ್ಯಾಹ್ನ ಉಪ್ಪಿನಕಾಯಿ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ರಾತ್ರಿ ಮತ್ತೆ ರಂಜಕ. ನಮ್ಮ ಜೋಳದ ರೊಟ್ಟಿಗೆ ಹೆಚ್ಚಿನ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ. ಬಿಪಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಆದರೆ ಸಪ್ಪೆ ರೊಟ್ಟಿ ಪಕ್ಕಕ್ಕೆ ಖಾರ ಉಪ್ಪು ಕೇಳುತ್ತದೆ, ಅಲ್ಲಿ ಎಲ್ಲಾ ಸೇರಿಕೊಳ್ಳುತ್ತದೆ. ಭಜಿಯ ಅಡಿಗೆ ಸೋಡಾದಲ್ಲೂ ಸೋಡಿಯಂ ಇದೆ. ಸೈಂಧವ ಲವಣವೂ ಉಪ್ಪೇ, ಬಣ್ಣ ಬೇರೆ ಅಷ್ಟೇ.

ಕ್ಯಾನಿನಲ್ಲಿ ಇದ್ದ ಮೂತ್ರ 1.1 ಲೀಟರ್. ಕಲ್ಲಾಗುವವರಿಗೆ ಎರಡೂವರೆ ಲೀಟರ್ ಬೇಕು. ಕುಡಿಯುವ ನೀರಿನ ಲೆಕ್ಕ ಅಲ್ಲ ಇದು, ಹೊರಗೆ ಹೋಗುವ ಲೆಕ್ಕ. ಜನ ನನ್ನ ಹತ್ತಿರ ಬೋರ್ ನೀರಿನ ಗಡಸುತನ ಬೈಯುತ್ತಾರೆ. ಗಡಸು ನೀರಿಗಿಂತ ಕುಡಿಯದ ನೀರಿನಿಂದ ಆಗುವ ಕಲ್ಲೇ ಜಾಸ್ತಿ. ಆದರೆ ಹೃದಯ ಸೋತವರು, ಕಿಡ್ನಿ ಸೋತವರು ಇದನ್ನು ಓದಿ ಬಿಂದಿಗೆ ಎತ್ತಬೇಡಿ. ನಿಮ್ಮ ಡಾಕ್ಟರನ್ನು ಕೇಳಿ.

ಟೊಮೆಟೊದಲ್ಲಿ ಆಕ್ಸಲೇಟ್ ತುಂಬಾ ಕಡಿಮೆ. ಬದನೆ ಬೀಜ ಹೋಗಿ ಕಿಡ್ನಿಯಲ್ಲಿ ಕೂರುವುದಿಲ್ಲ. ಎಣ್ಣೆಗಾಯಿ ತಿನ್ನಿ, ಉಪ್ಪು ಕೈ ಬಿಗಿ ಹಿಡಿದು ಹಾಕಿ. ನಿಂಬೆಹಣ್ಣು ಒಳ್ಳೆಯದು, ಅದರ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಉಪ್ಪು ಹಾಕಿದ ನಿಂಬೆ ಸೋಡಾ ಮಾತ್ರ ಬೇಡ. ಬಿಯರ್ ಕುಡಿದು ಕಲ್ಲು ಕರಗಿಸುತ್ತೇನೆ ಅನ್ನುವ ಬಿಪಿ ಪೇಶೆಂಟ್ ಜೊತೆ ನಾನು ವಾದ ಮಾಡುವುದಿಲ್ಲ, ಹೆಂಡತಿಯನ್ನು ಒಳಗೆ ಕರೆಯುತ್ತೇನೆ.

ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ ಎಚ್ಚರ. ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ. ಕ್ರಿಯಾಟಿನಿನ್ ಏರಿದವರಿಗೆ (ಅಂದರೆ ಕಿಡ್ನಿಯ ಸೋಸುವ ಶಕ್ತಿ ಕುಗ್ಗಿದವರಿಗೆ), ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆ ನುಂಗುವವರಿಗೆ ಪೊಟ್ಯಾಷಿಯಂ ಏರಿದರೆ ಹೃದಯಕ್ಕೆ ಅಪಾಯ. ಕೇಳದೆ ತರಬೇಡಿ. ಬಾಳೆದಿಂಡಿನ ರಸವನ್ನು ದಿನಾ ಕುಡಿಯುವವರೂ ಕೇಳಿ.

ಇನ್ನೊಂದು. ಮೂತ್ರ ಜಾಸ್ತಿ ಮಾಡಿಸುವ ಕ್ಲೋರ್ಥಾಲಿಡೋನ್ ತರಹದ ಬಿಪಿ ಮಾತ್ರೆಗಳು ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಂ ಕಡಿಮೆ ಮಾಡುತ್ತವೆ. ಹಾಗಾದರೆ ಕಲ್ಲಿಗೂ ಅದನ್ನೇ ಕೊಡಿ ಅಂತ ಕೆಲವರು ಕೇಳುತ್ತಾರೆ. 2023ರಲ್ಲಿ ಬಂದ ಸ್ವಿಟ್ಜರ್ಲೆಂಡಿನ 416 ಜನರ ಅಧ್ಯಯನದಲ್ಲಿ ಅದೇ ಜಾತಿಯ ಹೈಡ್ರೋಕ್ಲೋರೋಥಿಯಾಜೈಡ್ ಕಲ್ಲು ಮರಳುವುದನ್ನು ಅಷ್ಟೇನೂ ತಡೆಯಲಿಲ್ಲ. ಬಿಪಿಗೆ ಅಂತ ಕೊಟ್ಟಿದ್ದರೆ ನುಂಗಿ, ಸುಮ್ನೆ ನಿಲ್ಲಿಸಬೇಡಿ. ಮೇಲೆ ಉಪ್ಪು ಸುರಿದುಕೊಂಡರೆ ಮಾತ್ರೆಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಅನ್ನುವುದೂ ನೆನಪಿರಲಿ.

ವ್ಯಾಪಾರಿ ಮೂರು ತಿಂಗಳಿಗೆ ಮತ್ತೆ ಬಂದರು, ಮತ್ತೆ ಅದೇ ಚೀಲ. ಸೋಡಿಯಂ 150ಕ್ಕೆ ಇಳಿದಿತ್ತು. ಇನ್ನೂ 9 ಗ್ರಾಂ ಹತ್ತಿರ ಅಂದೆ, ಮುಖ ಸಣ್ಣ ಮಾಡಿಕೊಂಡರು. ಬಿಪಿ ಮಾತ್ರ ಮೊದಲಿಗಿಂತ ಕೆಳಗಿತ್ತು. ಮೊಸರು ಶುರುವಾಗಿದೆ, ಬದನೆಕಾಯಿ ವಾಪಸ್ ಬಂದಿದೆ, ಭಜಿ ವಾರಕ್ಕೊಮ್ಮೆ. ಎದ್ದು ಹೋಗುವಾಗ ಅವರ ಮನೆಯವರು ಚೀಲದಿಂದ ಇನ್ನೊಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಕೆಂಪಗೆ ಹೊಳೆಯುವ ರಂಜಕ, ಎರಡು ಕಿಲೋ ಇದ್ದೀತು.

"ಈಗ ನಮ್ಮ ಮನ್ಯಾಗ ಖರ್ಚ ಆಗವಲ್ದ್ರೀ ಸಾಹೇಬ್ರ. ನೀವರ ತಿನ್ರಿ."